ಹೂಟಗಳ್ಳಿಯಲ್ಲಿ ಕೇಳಿಸಿದ ಗಂಟೆ

೧೩ ನವೆಂಬರ್ ೧೯೨೬, ಶನಿವಾರ

ಹೂಟಗಳ್ಳಿಯ ಆ ಹೊಲಮನೆ ಬೇಡ. ಇದನ್ನು ಆರೋಗ್ಯಮೇರಿಗೆ ಹೇಗೆ ಹೇಳಲಿ?

ಪಿಂಚಣಿಯಾದ ಮೇಲೆ ಗಂಡಹೆಂಡಿರು ಅಲ್ಲಿಗೇ ಹೋಗೋಣವೆಂದು ಹಟ ಹಿಡಿದವನು ನಾನು. ಮೈಸೂರಿನ ನಮ್ಮ ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರ, ಕೆಸರೆಯಲ್ಲೇ ಇರೋಣವೆಂಬುದು ಅವಳ ಹಟ. ಇವತ್ತು ಜಟಕಾ ಮಾಡಿಕೊಂಡು ಅವಳನ್ನು ಹೂಟಗಳ್ಳಿಗೆ ಕರೆದೊಯ್ದೆ. ಹೊಲ ಮಾರುವ ಕೆಂಪಯ್ಯ ಎಳನೀರು ಕೆತ್ತಿಕೊಡುತ್ತಿದ್ದ. ಅವಳು ತಟ್ಟನೆ ಶಿಲುಬೆಯ ಗುರುತು ಹಾಕಿಕೊಂಡಳು.

"ಸಾವಿನ ಗಂಟೆ ಕಣ್ರೀ. ಕೇಳಿಸ್ಲಿಲ್ವಾ?"

ನನಗೆ ಕೇಳಿಸಿರಲಿಲ್ಲ. ಕೆಂಪಯ್ಯ ನಕ್ಕುಬಿಟ್ಟ. "ಮೈಸೂರಿನ ಗಂಟೆ ಇಲ್ಲಿಗೆಲ್ಲಿ ಬುದ್ಧೀ? ನಾ ಹುಟ್ಟಿದಾಗಿಂದ ಕೇಳಿಲ್ಲ."

ಅವಳ ಮುಖ ಮಾತ್ರ ಅರಳಿತ್ತು. "ಇಲ್ಲಿಗೂ ಕೇಳಿಸುತ್ತಲ್ಲ, ಸಾಕು. ಇಲ್ಲಿಗೇ ಬಂದ್ಬುಡೋಣ."

ಅವಳನ್ನು ಮನೆಗೆ ಬಿಟ್ಟು, ಚರ್ಚಿನಲ್ಲಿ ಗಂಟೆ ಹೊಡೆಯುವ ಸವರಿಮುತ್ತುವನ್ನು ಕೇಳಿದೆ.

"ಈ ವಾರ ಯಾರೂ ತೀರ್ಕೊಂಡಿಲ್ಲ ಅಣ್ಣ. ಸಾವಿನ ಗಂಟೆ ಹೊಡ್ದೇ ಇಲ್ಲ."

ಹೊಡೆಯದ ಗಂಟೆ ಕೇಳಿಸಿದವರಿಗೇ ಸಾವು ಎನ್ನುತ್ತಾರೆ; ಅವಳು ಹೆದರಬಾರದೆಂದು ಮನೆಗೆ ಬಂದು ಸುಳ್ಳು ಹೇಳಿದೆ. ಯಾರೋ ವಯಸ್ಸಾದ ಗಂಡಸು ಹೋದರಂತೆ ಎಂದೆ. ಒಲೆಯ ಮುಂದಿದ್ದವಳು ತಿರುಗಿ ನೋಡಿದಳು.

"ಗಂಡಸರಿಗೆ ಮೂರು ಮೂರು ಪೆಟ್ಟಲ್ವೇನ್ರೀ ಹೊಡೆಯೋದು? ನಂಗೆ ಎರಡೆರಡೇ ಕೇಳಿಸ್ತು. ಅದು ಹೆಂಗಸ್ರದ್ದು."

ನಾನು ಈ ಡೈರಿ ತೆಗೆದುಕೊಂಡು ಜಗಲಿಗೆ ಬಂದು ಕೂತೆ.

ಈಗ ಆ ಹೆಂಗಸಿನ ಆತ್ಮಕ್ಕೆಂದು ಒಳಗೆ ಜಪಮಾಲೆ ಹಿಡಿದು ಕೂತಿದ್ದಾಳೆ. ಪ್ರಾರ್ಥನೆಯ ಮೊದಲರ್ಧ ತಾನು ಹೇಳಿ, ಉಳಿದರ್ಧ ಹೇಳಲು ನನ್ನನ್ನು ಕೂಗುತ್ತಿದ್ದಾಳೆ. 'ನಮ್ಮ ಮರಣದ ಗಳಿಗೆಯಲ್ಲೂ ನಮಗಾಗಿ ಪ್ರಾರ್ಥಿಸು' ಎಂಬ ಮಾತು ಬರುವುದು ಆ ಉಳಿದರ್ಧದಲ್ಲಿ. ನನಗೆ ಬಾಯೇ ಬರುತ್ತಿಲ್ಲ. ಮತ್ತೆ ಕೂಗಿದಳು.