ಬಿದ್ದ ಮೇಲೆ ಬಂದ ಚಳಿ

ಹವಾಮಾನ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಕಳೆದ ನವೆಂಬರಿನಲ್ಲಿ ನಮ್ಮೂರ ಕೆರೆಯ ಮಂಜುಗಡ್ಡೆ ಒಡೆದು ನನ್ನ ತಮ್ಮ ಎರ್ಚಿಮ್ ನೀರಿಗೆ ಬಿದ್ದ. ಜೀವ ಉಳಿಯಿತು, ಬಲಗಾಲಿನ ಪಾದ ಉಳಿಯಲಿಲ್ಲ. ತನಿಖೆಗೆ ಬಂದವರು ಆಗಿನ ಹವೆ ಹೇಗಿತ್ತೆಂದು ನಿಮ್ಮ ಕಚೇರಿಯನ್ನು ಕೇಳಿದರು. ‘ಆ ತಿಂಗಳ ತಾಪಮಾನ ವಾಡಿಕೆಗೆ ಹತ್ತಿರವಿತ್ತು’ ಎಂದು ನೀವು ಪ್ರಮಾಣಪತ್ರ ಕೊಟ್ಟಿರಿ. ಹವೆಯದೇನೂ ತಪ್ಪಿಲ್ಲವೆಂದ ಮೇಲೆ ತಪ್ಪು ಮನುಷ್ಯನದೇ ಆಗಬೇಕಲ್ಲ? ವರದಿಯಲ್ಲಿ ಅವನ ಹೆಸರಿನ ಮುಂದೆ ‘ಸ್ವಂತ ನಿರ್ಲಕ್ಷ್ಯ’ ಎಂದು ಬರೆದು ಕಡತ ಮುಚ್ಚಿದರು. ಈ ಪತ್ರ ಆ ಎರಡು ಪದಗಳ ಬಗ್ಗೆ. ಹಿಂದೆಯೂ ನಿಮಗೆ ಬರೆದಿದ್ದೆ. ಬಂದದ್ದು ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಮಾತ್ರ. ಅದಕ್ಕೇ ಈಗ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಿಮ್ಮ ಮಾಸಿಕ ಪ್ರಕಟಣೆಯನ್ನು ನಾನು ತಪ್ಪದೆ ಓದುವವಳು. ಬಾಲ್ಟಿಕ್ ಕಡಲಿನಿಂದ ಪೆಸಿಫಿಕ್‌ವರೆಗೆ ಇಡೀ ದೇಶ ಒಂದೇ ಹಾಳೆಯ ಮೇಲೆ! ವಾಡಿಕೆಗಿಂತ ಬೆಚ್ಚಗಿದ್ದ ಕಡೆ ಕೆಂಪು, ತಣ್ಣಗಿದ್ದ ಕಡೆ ನೀಲಿ, ಎರಡೂ ಅಲ್ಲದ ಕಡೆ ಬಿಳಿ. ಆ ನವೆಂಬರಿನಲ್ಲಿ ಪಶ್ಚಿಮವೆಲ್ಲ ಕೆಂಪಾಗಿತ್ತು. ರಾಜಧಾನಿಯಲ್ಲಿ ಹಳೆಯ ದಾಖಲೆಗಳೆಲ್ಲ ಮುರಿದವೆಂದು ದೊಡ್ಡ ಸುದ್ದಿಯಾಯಿತು. ಅಲ್ಲಿ ಜನ ಹಿಮದ ಬದಲು ಮಳೆಯಲ್ಲಿ ನೆನೆದರಂತೆ, ಪಾಪ. ನಮ್ಮ ಲೇನಾ ನದಿಯ ಸೀಮೆ ಮಾತ್ರ ಬೆಳ್ಳಗೆ, ಏನೂ ಆಗಿಯೇ ಇಲ್ಲವೆಂಬಂತೆ ಇತ್ತು. ನಾನು ಹಳ್ಳಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಸರಾಸರಿ ಹೇಗೆ ತೆಗೆಯುತ್ತಾರೆಂದು ನನಗೂ ಗೊತ್ತು. ಆದರೆ ನಾವು ಸರಾಸರಿಯ ಮೇಲೆ ನಡೆಯುವುದಿಲ್ಲ ಸ್ವಾಮಿ, ಗಡ್ಡೆಯ ಮೇಲೆ ನಡೆಯುತ್ತೇವೆ.

ಆ ತಿಂಗಳು ಹೇಗಿತ್ತೆಂದು ಹೇಳುತ್ತೇನೆ, ಕೇಳಿ. ಮೊದಲ ಅರ್ಧವೆಲ್ಲ ಸೊನ್ನೆಯಿಂದ ಬರೀ ಆರೇಳು ಡಿಗ್ರಿ ಕೆಳಗೆ. ನಮ್ಮ ಕಡೆ ನವೆಂಬರಿನಲ್ಲಿ ಅದು ಸೆಕೆಯೇ ಸರಿ. ಮಕ್ಕಳು ಟೋಪಿ ಕಿತ್ತೆಸೆದು ಆಡಿದರು. ಮೇಲಿಂದ ಹಿಮ ಸುರಿದದ್ದೇ ಸುರಿದದ್ದು. ಆಗಷ್ಟೇ ಹೆಪ್ಪುಗಟ್ಟತೊಡಗಿದ್ದ ಕೆರೆ ದಪ್ಪನೆಯ ಕಂಬಳಿ ಹೊದ್ದು ಬೆಚ್ಚಗೆ ಮಲಗಿತು. ನಮ್ಮಲ್ಲಿ ನಲ್ಲಿ ಇಲ್ಲ, ಬಾವಿ ತೋಡೋಣವೆಂದರೆ ನೆಲ ಬೇಸಿಗೆಯಲ್ಲೂ ಹೆಪ್ಪುಗಟ್ಟಿದ ಕಲ್ಲು. ಕೆರೆಯ ಗಡ್ಡೆಯನ್ನು ಕೊಯ್ದು ಅಂಗಳದಲ್ಲಿ ಒಟ್ಟಿಕೊಂಡರೆ ಚಳಿಗಾಲ ಪೂರ್ತಿ ಕುಡಿಯುವ ನೀರು, ಇಲ್ಲದಿದ್ದರೆ ಇಲ್ಲ. ಆ ಕೊಯ್ಲು ಆಗಲೇ ಮುಗಿದಿರಬೇಕಿತ್ತು.

ತಿಂಗಳ ನಡುವೆ ಒಮ್ಮೆಲೇ ಚಳಿ ಬಿತ್ತು: ಸೊನ್ನೆಗಿಂತ ನಲವತ್ತೈದು ಕೆಳಗೆ. ಬೆಳಗಾಗುವುದರೊಳಗೆ ನೆರೆಮನೆಯ ಅಕುಲಿನಾ ಅಜ್ಜಿ ನಮ್ಮ ಬಾಗಿಲಲ್ಲಿದ್ದಳು.

“ಏ ಎರ್ಚಿಮ್, ನನ್ನ ಪೀಪಾಯಿ ತಳ ಕಾಣ್ತಾ ಇದೆ ಕಣೋ. ನೀನಿನ್ನೂ ಹೊಸ ಮದುಮಗನ ಹಾಗೆ ಬಿದ್ಕೊಂಡಿದ್ದೀಯಾ?”

“ಇನ್ನು ಮೂರು ದಿನ ತಡ್ಕೊ ಅಜ್ಜಿ. ಕೆರೆ ಹಿಮ ಹೊದ್ಕೊಂಡಿದೆ. ಚಳಿ ಒಳಗೆ ಇಳೀಬೇಕಲ್ಲ?”

“ಅಲ್ಲೀವರೆಗೆ ನಾನೇನು ನಿನ್ನ ಮಾತು ಕಾಸಿ ಚಹಾ ಮಾಡ್ಲಾ?”

“ಮಾಡು. ಹಾಲು ನಮ್ಮನೆಯಿಂದ ತಗೊಂಡು ಹೋಗು.”

ಮೂರು ದಿನ ಕಾದ. ಅಂಥ ಚಳಿಯಲ್ಲಿ ಮೂರು ದಿನ ಕಾದರೆ ಸಾಕೆಂದು ನಮ್ಮ ಅಪ್ಪ ಕಲಿಸಿದ್ದ, ಅಪ್ಪನಿಗೆ ಅವನ ಅಪ್ಪ. ಎಳೆಯ ಗಡ್ಡೆಯ ಮೇಲೆ ಅಷ್ಟು ಹಿಮ ಬಿದ್ದದ್ದನ್ನು ಅವರು ಯಾರೂ ಕಂಡಿರಲಿಲ್ಲ. ನಾವು ನಂಬಿ ಕೆಟ್ಟದ್ದು ಆ ಹಳೆಯ ಚಳಿಯನ್ನು.

ನಮ್ಮೂರ ಪದ್ಧತಿಯೂ ನಿಮಗೆ ತಿಳಿದಿರಲಿ. ಕೊಯ್ಲಿನ ದಿನ ಮೊದಲು ಒಬ್ಬನೇ ಕೆರೆಗೆ ಇಳಿಯುತ್ತಾನೆ. ಸೊಂಟಕ್ಕೆ ಹಗ್ಗ, ಕೈಯಲ್ಲಿ ಕಬ್ಬಿಣದ ಮೊನೆಯ ಕೋಲು. ಹಗ್ಗದ ಇನ್ನೊಂದು ತುದಿ ದಡದಲ್ಲಿದ್ದವರ ಕೈಯಲ್ಲಿ. ಅವನು ಕುಟ್ಟುತ್ತಾ ಕುಟ್ಟುತ್ತಾ ನಡುವಿಗೆ ಹೋಗಿ ಟೋಪಿ ಮೇಲೆತ್ತುವವರೆಗೆ ಬೇರೆ ಯಾರೂ ಕಾಲಿಡುವಂತಿಲ್ಲ. ಅಪ್ಪನ ನಂತರ ಆ ಕೆಲಸ ಎರ್ಚಿಮ್‌ನದು. ಅಂದು ಎಂದಿನಂತೆ ದಡದ ಬೆಂಕಿಗೊಂದು ತುಂಡು ರೊಟ್ಟಿ ಅರ್ಪಿಸಿ ಇಳಿದ. ದಡದ ಹತ್ತಿರ ಕೋಲು ಗಟ್ಟಿಯಾಗಿಯೇ ಸದ್ದು ಮಾಡಿತು. ನಡುವೆ ಹಿಮ ಗುಡ್ಡೆ ಬಿದ್ದಿದ್ದಲ್ಲಿ ಕೋಲಿನ ಜೊತೆ ಅವನೂ ಹೋದ. ನಾವು ಎಳೆದೆವು. ನೀರು ತುಂಬಿದ ಬೂಟು, ಮನೆ ಮುಟ್ಟುವುದರೊಳಗೆ ಕಾಲಿನ ಸಮೇತ ಗಡ್ಡೆಯಾಗಿತ್ತು. ದಡದಲ್ಲಿ ಅರ್ಧ ಊರೇ ನಿಂತಿತ್ತು, ಕುದುರೆ, ಬಂಡಿ, ಮಕ್ಕಳ ಸಮೇತ. ಅವರಲ್ಲಿ ಒಬ್ಬರ ಕಾಲೂ ಒದ್ದೆಯಾಗಲಿಲ್ಲ. ಇದು ನಿರ್ಲಕ್ಷ್ಯವಾದರೆ ಎಚ್ಚರಿಕೆ ಎನ್ನುವುದು ಯಾವುದಕ್ಕೆ?

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಅವನು ಆಸ್ಪತ್ರೆ ಸೇರಿದ ಮೇಲೂ ಚಳಿ ಬಿಡಲಿಲ್ಲ. ತಿಂಗಳ ಕೊನೆಯವರೆಗೆ ಕೊರೆಯಿತು. ಆ ದಿನಗಳನ್ನೆಲ್ಲ ನೀವು ಮೊದಲ ಅರ್ಧದ ಸೆಕೆಗೆ ಕೂಡಿಸಿ ಭಾಗಿಸಿದಿರಿ. ಎರಡೂ ಒಂದನ್ನೊಂದು ನುಂಗಿಕೊಂಡವು, ನಕ್ಷೆ ಬೆಳ್ಳಗಾಯಿತು. ಬಿದ್ದ ಮೇಲೆ ಬಂದ ಚಳಿಯನ್ನು, ಬಿದ್ದವನ ವಿರುದ್ಧ ಸಾಕ್ಷಿಗೆ ಕರೆತಂದಿರಿ. ಶಾಲೆಯಲ್ಲಿ ಯಾರಾದರೂ ಹೀಗೆ ಲೆಕ್ಕ ಮಾಡಿದರೆ ನಾನು ಎಬ್ಬಿಸಿ ನಿಲ್ಲಿಸುತ್ತೇನೆ.

ಇದನ್ನೇ ಫೋನಿನಲ್ಲಿ ಹೇಳಿದೆ. “ಅಮ್ಮಾ, ನಾವು ಕೊಡೋದು ತಿಂಗಳ ಲೆಕ್ಕ” ಎಂದಳು ನಿಮ್ಮ ಕಚೇರಿಯ ಹುಡುಗಿ.

“ನನ್ನ ತಮ್ಮ ಬಿದ್ದಿದ್ದು ಒಂದು ದಿನ ಕಣಮ್ಮಾ. ತಿಂಗಳಿಡೀ ಬೀಳ್ತಾ ಇರಲಿಲ್ಲ.”

“ಅದು ನಮ್ಮ ವಿಭಾಗಕ್ಕೆ ಬರಲ್ಲ.”

ಮಾನ್ಯರೇ, ಪಾದ ಹೋದದ್ದಕ್ಕೆ ನಿಮ್ಮನ್ನು ದೂರುತ್ತಿಲ್ಲ. ಆಮೇಲೆ ಆದದ್ದಕ್ಕೆ ದೂರುತ್ತಿದ್ದೇನೆ. ಎರ್ಚಿಮ್ ನಿಮ್ಮ ಕಾಗದವನ್ನು ನಂಬಿಬಿಟ್ಟ. ಈಗ ದಿನವಿಡೀ ಕಿಟಕಿಯ ಮುಂದೆ ಕೂತಿರುತ್ತಾನೆ, ಕೆರೆ ಎದುರಿಗೇ ಕಾಣುತ್ತದೆ, ಆದರೂ ನನ್ನನ್ನು ಕೇಳುತ್ತಾನೆ: “ಅಕ್ಕಾ, ಆಫೀಸಿನವರು ಇವತ್ತು ಏನಂದಿದ್ದಾರೆ?”

“ನಿನಗೇ ಕಾಣ್ತಾ ಇದೆಯಲ್ಲೋ. ನೋಡಿ ನೀನೇ ಹೇಳು.”

“ನಾನು ನೋಡಿದ್ದಕ್ಕೇ ತಾನೇ ಹೀಗಾಗಿದ್ದು? ಅವರು ಓದಿದವರು. ಎಲ್ಲ ಸರಿ ಇತ್ತು ಅಂತ ಬರ್ಕೊಟ್ಟಿದ್ದಾರೆ. ನಂದೇ ತಪ್ಪಿರ್ಬೇಕು ಬಿಡು.”

ಈ ಮಾತು ಕೇಳಿದಾಗಲೆಲ್ಲ ನನಗೆ ಅಳು ಬರುತ್ತದೆ, ಆಮೇಲೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಈ ವರ್ಷವೂ ಚಳಿ ತಡವಾಗಿದೆ, ಹಿಮ ಮೊದಲೇ ಬಿದ್ದಿದೆ. ಮೊನ್ನೆ ಅಕುಲಿನಾ ಅಜ್ಜಿ ಬಂದು ಅವನ ಪಕ್ಕದಲ್ಲಿ ಕೂತಳು. “ನೀನು ನಡೀಬೇಡಪ್ಪಾ. ದಡದಲ್ಲಿ ಕೂತ್ಕೊಂಡು ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಅಷ್ಟು ಸಾಕು ನಮಗೆ” ಎಂದಳು. ಅವನು ಗೋಡೆಯ ಕಡೆ ತಿರುಗಿಕೊಂಡ. ಊರಿನ ಪೀಪಾಯಿಗಳೆಲ್ಲ ಖಾಲಿಯಾಗುತ್ತಿವೆ, ಕೋಲು ಮೂಲೆಯಲ್ಲಿದೆ, ಮುಂದೆ ಹೋಗುವವರಿಲ್ಲ.

ನನ್ನ ಬೇಡಿಕೆ ಇಷ್ಟೆ. ಅವನು ಬಿದ್ದ ದಿನದವರೆಗಿನ ಹವೆ ಹೇಗಿತ್ತೆಂದು ದಿನದಿನದ ಲೆಕ್ಕ ಹಾಕಿ ಹೊಸ ಪ್ರಮಾಣಪತ್ರ ಕೊಡಿ. ವರದಿಯಿಂದ ಆ ಎರಡು ಪದ ತೆಗೆಸುವುದನ್ನು ನನಗೆ ಬಿಡಿ. ಇಲ್ಲ, ತಿಂಗಳ ಸರಾಸರಿಯೇ ಸತ್ಯವೆನ್ನುವುದಾದರೆ ಈ ವರ್ಷದ ಕೊಯ್ಲಿಗೆ ನೀವೇ ಬನ್ನಿ. ನಿಮ್ಮ ಬಿಳಿ ನಕ್ಷೆ ಹಿಡಿದು ಎಲ್ಲರಿಗಿಂತ ಮುಂದೆ ಕೆರೆಗೆ ಇಳಿಯಿರಿ. ಹೆದರಬೇಡಿ, ನಿಮ್ಮ ಸೊಂಟಕ್ಕೂ ಹಗ್ಗ ಕಟ್ಟುತ್ತೇವೆ. ಅದರ ಇನ್ನೊಂದು ತುದಿ ಎರ್ಚಿಮ್‌ನ ಕೈಯಲ್ಲಿರುತ್ತದೆ. ಅವನು ನಿರ್ಲಕ್ಷ್ಯದ ಮನುಷ್ಯನೋ ಅಲ್ಲವೋ ಎಂಬುದು ಆಗ ನಿಮಗೇ ತಿಳಿಯುತ್ತದೆ.

ಇಂತಿ,
ನಿಮ್ಮ ನಕ್ಷೆಯ ಬಿಳಿ ಜಾಗದಲ್ಲಿ ವಾಸವಾಗಿರುವ,
ಲೆಕ್ಕದ ಟೀಚರ್ ತುಯಾರಾ ನಿಕೊಲಾಯೆವ್ನಾ,
ಎರ್ಚಿಮ್‌ನ ಅಕ್ಕ