ಅತ್ತೆ, ಫೈನಾನ್ಸಿನವರ ಫೋನು ನಿಂತಿತು

ಅತ್ತೆ,

ನೀವಿದ್ದಾಗ ನಿಮಗೆ ಒಂದು ಸಾಲನ್ನೂ ಬರೆದವಳಲ್ಲ. ಒಂದೇ ಮನೆಯಲ್ಲಿದ್ದವರು, ಬರೆಯುವುದೇನಿತ್ತು? ಈಗ ಹೇಳಬೇಕಾದ ಸುದ್ದಿಯಿದೆ. ಸಾಲ ತೀರಿತು.

ನಾಗರಾಜ ವ್ಯಾನು ತಂದ ದಿನ ನೆನಪಿದೆಯಾ? ನಿಮ್ಮ ಮಗನ ಜೊತೆ ಓದಿದವನು, ಗಂಡಸಿ ಊರಿನವನು. ಪ್ರವಾಸಿಗರನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುತ್ತೇನೆಂದು ಸಾಲ ಮಾಡಿದ. ಇವರು ಜಾಮೀನು ನಿಂತರು. ಮೊದಲ ಸವಾರಿ ಅಂತ ನಮ್ಮನ್ನೆಲ್ಲ ಮಾಲೇಕಲ್ಲಿನ ದೇವಸ್ಥಾನಕ್ಕೆ ಕೂರಿಸಿಕೊಂಡು ಹೋಗಿದ್ದ. ವರ್ಷ ತುಂಬುವುದರೊಳಗೆ ವ್ಯಾನು ಮರಕ್ಕೆ ಗುದ್ದಿ ಗುಜರಿ ಸೇರಿತು. ಅವನು ಹೇಳದೆ ಕೇಳದೆ ಊರು ಬಿಟ್ಟ. ಕಂತು ನಮ್ಮ ತಲೆಗೆ ಬಂತು.

ಫೋನು ಶುರುವಾದದ್ದು ಆಗ. ಸಂಬಳ ಬಂದ ಹಾಗೆ ಕಟ್ಟುತ್ತಲೇ ಇದ್ದೆವು, ಆದರೂ ಬಾಕಿಯನ್ನೆಲ್ಲ ಒಂದೇ ಸಲ ಕಟ್ಟಿ ಅನ್ನುತ್ತಿದ್ದರು. ಇವರು ಕರೆಂಟ್ ಆಫೀಸಿಗೆ, ನಾನು ಶಾಲೆಗೆ ಹೋದ ಮೇಲೆ ಹಗಲೆಲ್ಲ ಕೇಳಿಸಿಕೊಳ್ಳುವವರು ನೀವೊಬ್ಬರೇ. ಒಂದು ಬೆಳಿಗ್ಗೆ ನಾನು ರಿಸೀವರನ್ನು ತೆಗೆದು ಪಕ್ಕಕ್ಕಿಟ್ಟೆ. ನೀವು ಮತ್ತೆ ಜಾಗಕ್ಕಿಟ್ಟಿರಿ.

"ಬೇಲೂರಲ್ಲಿ ಸುಮಿತ್ರಂಗೆ ದಿನ ತುಂಬೈತೆ ಕಣಮ್ಮ. ಮಗಳ ಮನೆಯಿಂದ ಫೋನ್ ಬಂದ್ರೆ?"

"ಮತ್ತೆ ಫೈನಾನ್ಸಿನವರು ಬೈದರೆ?"

"ಬೈಲಿ. ಕಿವಿ ನಂದು."

ಆ ಶನಿವಾರ ನಾನು ಶಾಲೆ ಮುಗಿಸಿ ಬರುವ ಹೊತ್ತಿಗೆ ನೀವು ಫೋನಿನಲ್ಲಿದ್ದಿರಿ. ನಾಳೆ ನಿಮ್ಮ ಬೀದಿಗೇ ಬಂದು ಕೂಗುತ್ತೇವೆ, ಮರ್ಯಾದೆ ಕಳೆಯುತ್ತೇವೆ ಎಂದನಂತೆ ಆ ಕಡೆಯವನು. "ಬನ್ನಿ. ಎಷ್ಟೊತ್ತಿಗೆ ಬತ್ತೀರಾ?" ಎಂದು ಕೇಳಿ ಇಟ್ಟಿರಿ. ಸೆರಗು ಸರಿ ಮಾಡಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿರಿ. ನಾನು ಹಿಂದೆಯೇ ಬಂದೆ. ಮೊದಲ ಮನೆ ಕೊಬ್ಬರಿ ವ್ಯಾಪಾರದ ರುದ್ರಪ್ಪನವರದು.

"ನನ್ ಮಗ ಸ್ನೇಹಿತಂಗೆ ಜಾಮೀನು ನಿಂತಿದ್ದ. ಅವ್ನು ಹೊಂಟೋದ. ನಾವು ಕಟ್ತಾ ಇದೀವಿ. ನಾಳೆ ಸಾಲದೋರು ಬಂದು ಕೂಗಾಡ್ತಾರಂತೆ, ಗಾಬ್ರಿ ಆಗ್ಬ್ಯಾಡಿ."

ಹೀಗೇ ಬೀದಿಯ ಕೊನೆಯವರೆಗೆ. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ವಿಷಯ ಗೊತ್ತಾದಾಗ ನಿಮ್ಮ ಮಗ, "ಅವರು ಕಳೆಯೋದೇನು, ನೀನೇ ಕಳೆದೆಯಲ್ಲಮ್ಮ" ಎಂದರು. ನೀವು ರಾಗಿ ಕೇರುತ್ತ ಕೂತಿರಿ.

ಭಾನುವಾರ ಇಬ್ಬರು ಬೈಕಿನಲ್ಲಿ ಬಂದರು. ಬಾಗಿಲ ಮುಂದೆ ಕುರ್ಚಿ ಹಾಕಿಸಿದ್ದಿರಿ. ರುದ್ರಪ್ಪನವರು ತಾವಾಗಿಯೇ ಬಂದು ಒಂದರಲ್ಲಿ ಕೂತರು. ಉಳಿದವರು ಅವರವರ ಬಾಗಿಲಲ್ಲಿ ನಿಂತರು. ಬಂದವರಲ್ಲಿ ಚಿಕ್ಕವನು ದನಿ ಏರಿಸಿದ.

"ಕೂಗಪ್ಪ," ಎಂದರು ರುದ್ರಪ್ಪ. "ಆದ್ರೆ ನಮಗೆಲ್ಲ ಗೊತ್ತೈತೆ. ಬೇರೆ ಏನಾದ್ರೂ ಇದ್ರೆ ಹೇಳು."

ನೀವು ಅವನಿಗೆ ಮಜ್ಜಿಗೆ ಕೊಟ್ಟಿರಿ. ಕುಡಿಯಲೋ ಬೇಡವೋ ಎಂದು ಲೋಟ ಹಿಡಿದು ನಿಂತಿದ್ದ. ಆಗ, ಬೆಳಗಿನಿಂದ ಒಳಗೇ ಕೂತಿದ್ದ ನಿಮ್ಮ ಮಗ ಹೊರಗೆ ಬಂದರು. "ನಾಳೆ ನಾನೇ ಹಾಸನದ ನಿಮ್ಮ ಆಫೀಸಿಗೆ ಬರ್ತೀನಿ. ತಿಂಗಳಿಗೆ ಎಷ್ಟು ಅಂತ ಬರ್ಕೊಡಿ, ಕಟ್ತೀನಿ. ಹಗಲು ಹೊತ್ತು ನಮ್ಮಮ್ಮನಿಗೆ ಫೋನ್ ಮಾಡಬೇಡಿ." ಇದನ್ನು ಅವರು ಎಂದೋ ಹೇಳಬಹುದಿತ್ತು. ಬೀದಿಗೆ ತಿಳಿದುಬಿಡುತ್ತದೆ ಎನ್ನುವ ಒಂದು ಹೆದರಿಕೆಗೆ...

ಇವರು ಹಾಸನಕ್ಕೆ ಹೋಗಿ ಬರೆಸಿಕೊಂಡು ಬಂದ ಮೇಲೂ ಫೋನು ಪೂರ್ತಿ ನಿಲ್ಲಲಿಲ್ಲ, ಸಂಜೆಗೆ ಸರಿಯಿತು. ಒಪ್ಪಿದ ತಾರೀಖು ಹೇಳಿ ಇಡುವುದನ್ನು ನಾನೂ ಕಲಿತೆ. ಸುಮಿತ್ರಳಿಗೆ ಹೆಣ್ಣಾದ ಸುದ್ದಿ ಬಂದದ್ದೂ ಅದೇ ಫೋನಿನಲ್ಲಿ, ಎತ್ತಿದವರು ನೀವೇ.

ನೀವು ನಮ್ಮನ್ನು ಬಿಟ್ಟುಹೋದ ತಿಂಗಳು ಫೈನಾನ್ಸಿನವನು ಫೋನು ಮಾಡಿದ್ದ. "ಅಜ್ಜಿ ಹುಷಾರಾಗಿದ್ದಾರಾ?" ಎಂದ. ತೀರಿಕೊಂಡರು ಎಂದೆ. ಕಂತಿನ ಮಾತೆತ್ತದೆ ಇಟ್ಟುಬಿಟ್ಟ.

ಕೊನೆಯ ಕಂತು ಕಟ್ಟಿ ಬಂದ ವಾರವೇ, ನಾಗರಾಜ ಗಂಡಸಿಗೆ ವಾಪಸು ಬಂದಿದ್ದಾನೆಂದು ಯಾರೋ ಅವನ ನಂಬರು ಕೊಟ್ಟರು. ಕೇಳಬೇಕಾದವರು ಈಗ ನಾವಲ್ಲವೇ? ನಿಮ್ಮ ಮಗ ನಂಬರು ತಿರುಗಿಸಿದರು. "ಯಾರು? ಯಾರು ಮಾತಾಡೋದು?" ಎನ್ನುವುದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಸಾಲ ಕೊಟ್ಟವರ ಫೋನಿಗೆ ಹೆದರಿದ ದನಿ ಹೇಗಿರುತ್ತದೆಂದು ನಮಗೆ ಗೊತ್ತು ಅತ್ತೆ. ಇವರು ಮಾತಾಡದೆ ಇಟ್ಟರು.

"ಫೋನ್ ಬೇಡ. ಭಾನುವಾರ ಹೋಗಿ ಬರೋಣ."

"ದುಡ್ಡು ಕೇಳೋಕಾ?"

"ಅದನ್ನೂ ಕೇಳ್ತೀನಿ. ಮೊದಲು ಮುಖ ನೋಡ್ತೀನಿ."

ನಾಳೆಯೇ ಭಾನುವಾರ. ಅವನಿಗೆ ಇಬ್ಬರು ಮಕ್ಕಳಂತೆ. ಬರಿಗೈಯಲ್ಲಿ ಹೋಗುವುದೋ, ಏನಾದರೂ ಒಯ್ಯುವುದೋ... ನೀವಿದ್ದಿದ್ದರೆ ಕೇಳುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತೆಗೆದುಕೊಳ್ಳುತ್ತೇನೆ.

ನಿಮ್ಮ ಸೊಸೆ,
ಜಯಂತಿ