ಏನೂ ತಪ್ಪಾಗಿಲ್ಲ

ಮಂಗಳವಾರ, ನವೆಂಬರ್ 11

ಯಾರೋ ಮೊಬೈಲ್ ಚಾರ್ಜಿಗೆಂದು ಔಷಧದ ಫ್ರಿಜ್ಜಿನ ಪ್ಲಗ್ ಮತ್ತೆ ಕಿತ್ತಿದ್ದರು. ಬಾಣಂತಿಗೆ ರಕ್ತ ನಿಲ್ಲಲೆಂದು ಕೊಟ್ಟ ಇಂಜೆಕ್ಷನ್ ಕೆಟ್ಟುಹೋಗಿತ್ತು. ಕೌಜಲಗಿಯ ಹುಡುಗಿ, ವಿದ್ಯಾ. ಘಟಪ್ರಭಾದ ದೊಡ್ಡಾಸ್ಪತ್ರೆಗೆ ಕಳಿಸಿದೆವು, ಇನ್ನೂ ಫೋನ್ ಬಂದಿಲ್ಲ. ದೇವರೇ, ಬದುಕಿರಲಿ.

ಆಷಾಢದಲ್ಲೂ ಹೀಗೇ ಆಗಿತ್ತು. ಆಗಲೇ ನಾನು ವಾರ್ಡಿನಲ್ಲಿ ಒಂದು ವಹಿ ಇಟ್ಟೆ: ಆದ ತಪ್ಪನ್ನು ಬರೆಯಿರಿ, ಯಾರೂ ಬೈಯುವುದಿಲ್ಲ, ಮುಂದಿನ ಪಾಳಿಯವರು ಕಲಿಯಲಿ. ಇವತ್ತು ಮೊದಲ ಸಲ ಅದನ್ನು ಓದಿದೆ. ಪುಟಪುಟಕ್ಕೂ 'ಏನೂ ತಪ್ಪಾಗಿಲ್ಲ', ಕೆಳಗೆ ಸಹಿ.

ಕಾಂಪೌಂಡರ್ ಸಿದ್ರಾಯನ ಮೇಲೆ ಹರಿಹಾಯ್ದೆ. ಅವನು ತಲೆ ತಗ್ಗಿಸಿ, "ನೀವೂ ಹಂಗ ಬರದೀರಲ್ರಿ, ಅಕ್ಕಾರ" ಎಂದ.

ಪುಟ ತಿರುವಿದೆ. ವಾರದ ರಿಜಿಸ್ಟರುಗಳನ್ನೆಲ್ಲ ಸೋಮವಾರವೇ ತುಂಬಿಬಿಡುವ ನನ್ನ ಹಾಳು ಅಭ್ಯಾಸ. ಇವತ್ತಿನ ಪುಟದಲ್ಲೂ 'ಏನೂ ತಪ್ಪಾಗಿಲ್ಲ'. ನಾಳೆಯದರಲ್ಲೂ. ನನ್ನದೇ ಅಕ್ಷರ.